ಹಿಂದೆ ಬರುವ ಗಾಡಿ

ಬಚ್ಚಲ ಬಾಗಿಲಲ್ಲಿ ಹೆಂಡತಿ ಕುಸಿದು ಬಿದ್ದಾಗ ಮೇಷ್ಟ್ರು ಮನೆಯಲ್ಲೇ ಇದ್ದರು. ಆಂಬುಲೆನ್ಸ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆಲ್ಲ ರಬ್ಬರ್ ಬೊಂಬೆಯ ಮೇಲೆ ಎದೆ ಒತ್ತುವುದನ್ನು ಕಲಿಸಿ ಕಲಿಸಿ ತಲೆ ನರೆಸಿಕೊಂಡವರು ಅವರು. ಫೋನ್ ಮಾಡಿ, ಪಕ್ಕದಲ್ಲಿ ಮಂಡಿಯೂರಿ ಒತ್ತತೊಡಗಿದರು. ಗಾಡಿ ಬರುವ ಹೊತ್ತಿಗೆ ಮೈಯೆಲ್ಲ ಬೆವರು, ಕೈಯಲ್ಲಿ ಕಸುವಿಲ್ಲ.

ಒಳಗೆ ಬಂದವಳು ಅವರದೇ ಶಿಷ್ಯೆ. ಕ್ಲಾಸಿನಲ್ಲಿ ಮಾತು ಮಾತಿಗೂ ಪ್ರಶ್ನೆ ಎತ್ತುತ್ತಿದ್ದವಳಿಗೆ ‘ವಕೀಲಮ್ಮ’ ಎಂಬ ಅಡ್ಡಹೆಸರು ಅಂಟಿಸಿದವರೂ ಅವರೇ.

“ಬಿಡಿ ಸರ್, ನಾನು ಮಾಡ್ತೀನಿ.”

“ಬೇಡಮ್ಮ, ನಾನೇ ಮಾಡ್ತೀನಿ.”

“ನಿಮ್ಮ ಕೈ ಕೆಳಗೆ ಇಳೀತಿಲ್ಲ ಸರ್.”

ದಣಿದ ಕೈ ಎದೆಯನ್ನು ಸವರುತ್ತದೆಯೇ ಹೊರತು ಒತ್ತುವುದಿಲ್ಲ ಎಂದು ಹುಡುಗರನ್ನು ಬೈಯುತ್ತಿದ್ದವರು ಈಗ ತಾವೇ ಸರಿದು ಕೂತರು. ಕೈ ಸುಮ್ಮನಾಯಿತು, ಬಾಯಿ ಸುಮ್ಮನಾಗಲಿಲ್ಲ.

“ಮೊಣಕೈ ನೆಟ್ಟಗಿರಲಿ! ಎದೆ ಪೂರ್ತಿ ಮೇಲೆ ಬರಲಿ! ಅಯ್ಯೋ, ನಿಧಾನ ಆಯ್ತಲ್ಲಮ್ಮ!”

ಒಂದೊಂದು ಒತ್ತನ್ನೂ ಗಟ್ಟಿಯಾಗಿ ಎಣಿಸುತ್ತಿದ್ದ ಹುಡುಗಿಯ ಎಣಿಕೆ ತಪ್ಪಿತು. ಶಾಕ್ ಕೊಡುವ ಯಂತ್ರದ ಪ್ಯಾಡ್ ಅಂಟಿಸುತ್ತಿದ್ದ ಅವಳ ಜೊತೆಗಾರನ ಕೆಲಸಕ್ಕೂ ಮೇಷ್ಟ್ರು ಕೈ ಹಾಕಿದರು. ಪ್ಯಾಡ್ ಸೊಟ್ಟಗಾಯಿತು, ಕಿತ್ತು ಮತ್ತೆ ಅಂಟಿಸಬೇಕಾಯಿತು. ಹೆಂಡತಿಯ ಜೀವ ಒಂದೊಂದು ಗಳಿಗೆಗೂ ಜಾರುತ್ತಿರುವಾಗ ಅಡ್ಡ ಬಂದವರು ಗಂಡನೇ.

ಒತ್ತುವುದನ್ನು ನಿಲ್ಲಿಸದೆ ವಕೀಲಮ್ಮ ಹೇಳಿದಳು. “ಸರ್, ಹಿಂದೆ ಇನ್ನೊಂದು ಗಾಡಿ ಬರ್ತಿದೆ. ಗೇಟ್ ಹತ್ರ ನಿಂತು ದಾರಿ ತೋರಿಸಿ.”

ಮೇಷ್ಟ್ರು ಅವಳ ಮುಖ ನೋಡಿದರು. ಇನ್ನೊಂದು ಗಾಡಿ ಎಂಬುದು ಇರುವುದೇ ಇಲ್ಲ. ಅಡ್ಡ ಬರುವ ಮನೆಯವರನ್ನು ಗದರಿಸಬೇಡಿ, ಹೀಗೊಂದು ಕೆಲಸ ಕೊಟ್ಟು ಸಾಗಹಾಕಿ ಎಂದು ಕಲಿಸಿದವರು ಅವರು. ತಾವೇ ಗಂಡನಾಗಿ, ತಾವೇ ಅತ್ತೆಯಾಗಿ ಗೋಳಾಡಿ, ಎದ್ದು ಬಿದ್ದು ಗೇಟಿಗೆ ಓಡುವುದನ್ನು ಆಡಿ ತೋರಿಸುತ್ತಿದ್ದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಈಗ ಹುಡುಗಿಯ ಕಣ್ಣು ತುಂಬಿತ್ತು.

“ಆಯ್ತಮ್ಮ,” ಎಂದು ಎದ್ದರು.

ಗೇಟಿನ ಬಳಿ ಬಿಸಿಲು ಬರಿಗಾಲನ್ನು ಸುಡುತ್ತಿತ್ತು. ಒಳಗಿನ ಎಣಿಕೆ ಇಲ್ಲಿಗೂ ಕೇಳುತ್ತಿತ್ತು. ಎದುರು ಮನೆಯಾಕೆ ಓಡಿ ಬಂದಳು.

“ಏನಾಯ್ತಣ್ಣ? ಇಲ್ಲಿ ಯಾಕೆ ನಿಂತಿದ್ದೀರಿ?”

“ಇನ್ನೊಂದು ಗಾಡಿ ಬರ್ತಿದೆಯಮ್ಮ. ದಾರಿ ತೋರಿಸ್ಬೇಕು.”

ಹೇಳುತ್ತಾ ಹೇಳುತ್ತಾ ಅವರಿಗೇ ನಂಬಿಕೆ ಬಂದುಬಿಟ್ಟಿತು. ಎಂಥ ಹುಚ್ಚು ನೋಡಿ! ತಿರುವಿನಲ್ಲಿ ಸದ್ದಾದಾಗಲೆಲ್ಲ ಕತ್ತು ಚಾಚಿದರು. ಹಾಲಿನ ವ್ಯಾನೊಂದು ಬಂತು, ಹೋಯಿತು. ಅಡ್ಡ ನಿಲ್ಲಿಸಿದ್ದ ಯಾರದೋ ಸ್ಕೂಟರನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದರು.

ಒಳಗೆ ಎಣಿಕೆ ನಿಂತಿತು.

ವಕೀಲಮ್ಮ ಹೊರಗೆ ಬಂದಳು. ಕೈಗವಸು ಕಳಚಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಕೈ ಅಡ್ಡ ಹಿಡಿದರು.

“ಸ್ವಲ್ಪ ತಾಳಮ್ಮ,” ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. “ಆ ಗಾಡಿ ಇನ್ನೂ ಬಂದಿಲ್ಲ.”