ವೆಲ್ಡಿಂಗ್ ಸಿಲಿಂಡರ್ ಮನೆಗೆ ಬಂದ ದಿನ

ಅಣ್ಣನಿಗೆ ಜ್ವರ ಬಂದು ಏಳು ದಿನವಾಗಿತ್ತು. ಊರಿನಲ್ಲೆಲ್ಲ ಅದೇ ಸೋಂಕು. ಆಸ್ಪತ್ರೆಗೆ ಹೋದವರನ್ನು ನೋಡಲು ಬಿಡುವುದಿಲ್ಲವಂತೆ, ಕವುಚಿ ಮಲಗಿಸುತ್ತಾರಂತೆ ಎಂದು ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ತಮ್ಮನದು ವೆಲ್ಡಿಂಗ್ ಕೆಲಸ. ಯಾರ ಮಾತು ನಂಬಬೇಕೆಂದು ತಿಳಿಯದೆ, ಅಂಗಡಿಯ ಆಕ್ಸಿಜನ್ ಸಿಲಿಂಡರನ್ನೇ ತಂದು ಅಣ್ಣನ ಮಂಚದ ಪಕ್ಕ ನಿಲ್ಲಿಸಿದ. ಪೈಪಿನ ತುದಿಗೆ ಮಾಸ್ಕ್ ಕಟ್ಟಲು ಕೂತ.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ಬಂದರು. ಮೊದಲು ಕಿಟಕಿ ತೆಗೆಸಿದರು. ಅಣ್ಣನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ ಒಂದು ನಿಮಿಷ ಕಾದರು.

"ಎಂಬತ್ನಾಲ್ಕು. ಈಗಲೇ ಆಸ್ಪತ್ರೆಗೆ ಹೊರಡಬೇಕು."

"ಏನ್ ಸಿಸ್ಟರ್, ಈಗಷ್ಟೇ ನನ್ನ ಗಡ್ಡ ನೋಡಿ ನಗಾಡ್ದ!" ಎಂದ ತಮ್ಮ.

"ಗಡ್ಡ ತೆಗೆಯೋಕೂ... ಸೋಮಾರಿ... ಇವನು" ಎಂದ ಅಣ್ಣ.

"ನಿಮ್ಮ ಮಿಷನ್ನೇ ಕೆಟ್ಟಿದೆ" ಎಂದು ತಮ್ಮ ತನ್ನ ಬೆರಳು ಚಾಚಿದ. ಅದರ ತುಂಬ ಗ್ರೀಸ್. ಸಿಸ್ಟರ್ ಕೈ ತೊಳೆಸಿ, ಕ್ಲಿಪ್ ಒರೆಸಿ ಹಾಕಿದರು. ತೊಂಬತ್ತೆಂಟು. ಮತ್ತೆ ಅಣ್ಣನಿಗೆ ಹಾಕಿದರು. ಎಂಬತ್ನಾಲ್ಕು.

ತಮ್ಮನ ತಲೆ ಗಿರ್ರೆಂದಿತು. ನಗಾಡುವವನ ಜೀವ ಅಪಾಯದಲ್ಲಿರುತ್ತದಾ?

"ನನಗೂ ಮೊದಮೊದಲು ಅರ್ಥ ಆಗ್ತಿರಲಿಲ್ಲಪ್ಪ" ಎಂದರು ಸಿಸ್ಟರ್. "ಈ ರೋಗದಲ್ಲಿ ಕೆಲವರಿಗೆ ಆಕ್ಸಿಜನ್ ಇಳಿದ್ರೂ ಗೊತ್ತೇ ಆಗಲ್ಲ."

"ಆಕ್ಸಿಜನ್ ತಾನೇ? ಇಲ್ಲೇ ಇದೆಯಲ್ಲ! ಹದಿನೈದು ವರ್ಷದಿಂದ ನನ್ನ ಸಂಸಾರ ಇದರ ಜೊತೆನೇ."

"ಕಬ್ಬಿಣಕ್ಕೆ ಕೊಡೋದನ್ನ ಎದೆಗೆ ಕೊಡ್ತೀರಾ? ಇದು ರೋಗಿಗೆ ಅಂತ ತುಂಬಿಸಿದ್ದಲ್ಲ. ಎಷ್ಟು ಹೋಗ್ತಿದೆ ಅಂತ ಅಳೆಯೋರಿಲ್ಲ. ಅಲ್ಲಿ ಒಲೆ ಉರೀತಿದೆ. ವಾಲ್ವ್ ಮೇಲೆ ನಿಮ್ಮ ಗ್ರೀಸ್ ಬೆರಳಿನ ಗುರುತು ಮೂಡಿದೆ, ನೋಡಿ."

ತಮ್ಮ ನೋಡಿದ. ಗ್ರೀಸ್ ಕೈಯಲ್ಲಿ ವಾಲ್ವ್ ಮುಟ್ಟಬೇಡಿ, ಬೆಂಕಿ ಹತ್ತುತ್ತದೆ ಎಂದು ಅಂಗಡಿಯ ಗೋಡೆಯ ಮೇಲೆ ಬರೆಸಿದ್ದವನು ಅವನೇ. ತಕ್ಷಣ ಒಲೆ ಆರಿಸಿ, ಸಿಲಿಂಡರನ್ನು ಅಂಗಳಕ್ಕೆ ಸಾಗಿಸಿದ.

ಅತ್ತಿಗೆ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. "ಕವುಚಿ ಹಾಕ್ತಾರಂತಲ್ಲ ಸಿಸ್ಟರ್?"

"ಶ್ವಾಸಕೋಶದ ಹಿಂಭಾಗಕ್ಕೂ ಗಾಳಿ ಹೋಗ್ಲಿ ಅಂತ ಕಣಮ್ಮ. ಪಕ್ಕದಲ್ಲೇ ಇದ್ದು ನೋಡ್ಕೋತಾರೆ. ನಿಮ್ಮನ್ನ ಒಳಗೆ ಬಿಡದೇ ಇರೋದು ನಿಮಗೂ ತಗಲಬಾರದು ಅಂತ. ಫೋನ್ ಮಾಡಿ ಕೇಳಿ, ದಿನಾ ಕೇಳಿ."

"ಉಳೀತಾನಾ?" ಎಂದ ತಮ್ಮ.

"ನಾನು ಡಾಕ್ಟರಲ್ಲಪ್ಪ, ಅದನ್ನ ಹೇಳಲಾರೆ. ಇಲ್ಲೇ ಇಟ್ಕೊಂಡ್ರೆ ಅಪಾಯ ಅನ್ನೋದು ಮಾತ್ರ ಗೊತ್ತು."

ಆಂಬುಲೆನ್ಸ್ ಬಂತು. ಅಣ್ಣನನ್ನು ಒರಗಿಸಿ ಕೂರಿಸಿ, ಆಕ್ಸಿಜನ್ ಹಾಕಿದರು. ಜೊತೆಗೆ ಒಬ್ಬರೇ ಸಾಕೆಂದಾಗ, ಮಾಸ್ಕ್ ಬಿಗಿ ಮಾಡಿಕೊಂಡು ತಮ್ಮ ಹತ್ತಿದ.

ಎರಡು ದಿನ ಐಸಿಯುನಿಂದ ಒಂದೇ ಉತ್ತರ: "ಈಗಲೇ ಏನೂ ಹೇಳಲಾಗದು." ಆಸ್ಪತ್ರೆ ಸೇರಿದ ಆರನೇ ದಿನ ಫೋನಿನಲ್ಲಿ ಅಣ್ಣನೇ ಮಾತಾಡಿದ.

"ಲೋ, ಇಲ್ಲಿ ಎಲ್ರೂ ಒಂದೇ ತರ ಬಟ್ಟೆ ಸುತ್ಕೊಂಡಿದಾರೆ ಕಣೋ. ಡಾಕ್ಟರ್ ಯಾರು, ಕಸ ಗುಡಿಸೋರು ಯಾರು ಒಂದೂ ಗೊತ್ತಾಗ್ತಿಲ್ಲ. ಬಂದವರಿಗೆಲ್ಲ ಕೈ ಮುಗೀತಿದೀನಿ."

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಸೋಂಕು ತಗುಲಿದವರಿದ್ದರೆ ದಿನಕ್ಕೆ ಮೂರು ಸಲ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ಅಳತೆ ನೋಡಿ. ತೊಂಬತ್ನಾಲ್ಕಕ್ಕಿಂತ ಇಳಿದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತೊಂಬತ್ತಕ್ಕಿಂತ ಇಳಿದರೆ, ರೋಗಿ ನಗುತ್ತಿದ್ದರೂ ಸರಿ, ಆಂಬುಲೆನ್ಸ್ ಕರೆಯಿರಿ. ಗೊಂದಲ ಯಾರಿಗೂ ತಪ್ಪಿದ್ದಲ್ಲ. ಗೊಂದಲವಾದಾಗ ಕೈಗೆ ಸಿಕ್ಕಿದ್ದನ್ನು ರೋಗಿಗೆ ಕೊಡಬೇಡಿ. ಗೊತ್ತಿರುವವರನ್ನು ಕೇಳಿ, ನಾಚಿಕೆಪಡದೆ ಕೇಳಿ.