ತಾಮ್ರದ ಚೆಂಬಿನ ಮಜ್ಜಿಗೆ

ಹೊಟ್ಟೆ ಉಬ್ಬಿದರೆ ನಮ್ಮ ಕಡೆ ಮೊದಲು ಓಮಿನಕಾಳು ಜಗಿಯುತ್ತಾರೆ, ಆಮೇಲೆ ಸೋಡಾ ಕುಡಿಯುತ್ತಾರೆ, ಆಮೇಲೆ ನೆರೆಮನೆಯವರು ಹೇಳಿದ್ದನ್ನೆಲ್ಲ ಮಾಡುತ್ತಾರೆ. ಕೊಹಿನೂರು ಎಂಬ ಹಳ್ಳಿಯ ಕೂಲಿಕಾರ ಮಚ್ಚೇಂದ್ರನ ಹೆಂಡತಿ ಕಮಳಾಬಾಯಿಯೂ ಹಾಗೇ ಮಾಡಿದಳು. ಉಬ್ಬರ ಇಳಿಯಲಿಲ್ಲ. ಆಶಾ ಕಾರ್ಯಕರ್ತೆ ಬೆನ್ನುಹತ್ತಿ ಕಲಬುರಗಿಯ ಆಸ್ಪತ್ರೆಗೆ ಕಳಿಸಿದ ಮೇಲೆ ತಿಳಿಯಿತು, ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಯಿತು. ಉಳಿದ ಬೇರೂ ಸಾಯಲೆಂದು ಮೂರು ವಾರಕ್ಕೊಮ್ಮೆ ಸಲೈನಿನಲ್ಲಿ ಔಷಧಿ ಏರಿಸತೊಡಗಿದರು.

ಎರಡು ಸರ್ತಿ ಏರಿಸುವಷ್ಟರಲ್ಲಿ ಕಮಳಾಬಾಯಿಯ ತಲೆಗೂದಲು ಉದುರಿತು. ಅನ್ನದ ವಾಸನೆಗೇ ವಾಂತಿ ಬರತೊಡಗಿತು. ಔಷಧಿಯೇ ಹೆಂಡತಿಯನ್ನು ತಿನ್ನುತ್ತಿದೆ ಎಂದು ಮಚ್ಚೇಂದ್ರನಿಗೆ ಅನ್ನಿಸಿತು.

ಆಗ ಅವನಿಗೆ ಅಣ್ಣನ ಮಗಳು ಆಮ್ರಪಾಲಿಯ ಮಾತು ನೆನಪಾಯಿತು. ರಸಾಯನಶಾಸ್ತ್ರ ಓದಿ ಸಂಶೋಧನೆ ಮಾಡುವ ಹುಡುಗಿ. ಊರಿನ ಬುದ್ಧವಿಹಾರದಲ್ಲಿ ಅವಳಿಗೆ ಸತ್ಕಾರ ಮಾಡಿದಾಗ, ತಾಮ್ರದಿಂದ ಕ್ಯಾನ್ಸರಿಗೆ ಔಷಧಿ ಹುಡುಕುತ್ತಿದ್ದೇನೆ ಎಂದಿದ್ದಳು. ಹಾಗಾದರೆ ಔಷಧಿ ಮನೆಯಲ್ಲೇ ಇದೆಯಲ್ಲ ಎಂದುಕೊಂಡ ಮಚ್ಚೇಂದ್ರ. ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ, ಇಡಬೇಡ ಎಂದು ಅವನ ಅವ್ವ ಸಾಯುವತನಕ ಹೇಳಿದ್ದಳು. ಈಗ ಅವನಿಗೆ ಆ ಕಿಲುಬೇ ಬೇಕಿತ್ತು. ಹುಳಿ ಮಜ್ಜಿಗೆಯನ್ನು ಚೆಂಬಿನಲ್ಲಿಟ್ಟು, ಅಂಚಿಗೆ ಹಸಿರು ಬಿಟ್ಟ ಮೇಲೆ ಹೆಂಡತಿಗೆ ಕುಡಿಸಿದ.

ಭಾನುವಾರ ಹುಮನಾಬಾದಿನಿಂದ ಆಮ್ರಪಾಲಿ ಬಂದು ಚಿಕ್ಕಮ್ಮನನ್ನು ಕೇಳಿದಳು.

“ಕಾಕು, ನಾಳಿ ಕಲಬುರಗಿಗಿ ಹೋಗೂದಿಲ್ಲಾ?”

“ಯಾಕ ಹೋಗ್ಲಿ? ನಿಮ್ಮ ಕಾಕಾನೇ ಡಾಕ್ಟರ್ ಆಗ್ಯಾರ. ಮಜ್ಜಿಗಿ ಕುಡಸಾಕತ್ತಾರ. ಮುಂಜಾನಿಂದ ಬರೇ ಕಾರಾಕತ್ತೇನಿ,” ಎಂದಳು ಕಮಳಾಬಾಯಿ.

“ನಿಂದೇ ಔಷಧ ಅವ್ವಾ ಅದು. ತಾಂಬ್ರದ್ದು,” ಎಂದ ಮಚ್ಚೇಂದ್ರ ಆಮ್ರಪಾಲಿಗೆ, ಹೆಮ್ಮೆಯಿಂದ.

ಆಮ್ರಪಾಲಿ ಚೆಂಬಿನೊಳಗೆ ಬಗ್ಗಿ ನೋಡಿ, ಉಳಿದಿದ್ದನ್ನು ಚೆಲ್ಲಿ ಬಂದಳು. “ಕಾಕಾ, ಇದು ವಿಷ.”

“ವಿಹಾರದಾಗ ನೀನೇ ಅಂದಿದ್ದಿ.”

“ಹುಡುಕಾಕತ್ತೇನಿ ಅಂದೆ, ಸಿಕ್ತು ಅನ್ನಲಿಲ್ಲ. ನಂದು ಇನ್ನಾ ಲ್ಯಾಬಿನ ಗಾಜಿನ ತಾಟಿನ್ಯಾಗ ಅದ. ಇಲಿಗಿ ಸುದ್ದಾ ಕೊಟ್ಟು ನೋಡಿಲ್ಲ.”

“ಕೇಳಿದೇನ ಮಗಳ,” ಎಂದಳು ಕಮಳಾಬಾಯಿ. “ಇಲಿಗಿಂತ ಮೊದಲ ಪರೀಕ್ಷಾಕ್ಕ ನನ್ನ ನಿಲ್ಲಿಸ್ಯಾರ ನಿಮ್ಮ ಕಾಕಾ.”

ಮಚ್ಚೇಂದ್ರ ಪಟ್ಟು ಬಿಡಲಿಲ್ಲ. “ಅವರೂ ಧಾತುನೇ ಏರಸ್ತಾರಲ್ಲ. ನರ್ಸಬಾಯಿ ಪ್ಲಾಟಿನಂ ಅಂದ್ಳು.”

“ಪಾಲಕ ಪಲ್ಯಾದಾಗೂ ಕಬ್ಬಿಣ ಅದ, ಕುಡಗೋಲಿನ್ಯಾಗೂ ಅದ. ಕಾಕುಗ ಕುಡಗೋಲ ತಿನ್ನು ಅಂತೀಯೇನು?” ಆಮ್ರಪಾಲಿ ಅವನ ಪಕ್ಕದಲ್ಲೇ ಕೂತಳು. “ಪ್ಲಾಟಿನಂ ತುಂಡು ಅರದು ಹಾಕಂಗಿಲ್ಲ ಕಾಕಾ. ಅದಕ್ಕ ಬ್ಯಾರೆ ಬ್ಯಾರೆ ಪದಾರ್ಥ ಜೋಡಿಸಿ, ಕ್ಯಾನ್ಸರ್ ಬೆಳೀದಂಗ ತಡಿಯೂ ಔಷಧ ಮಾಡ್ಯಾರ. ಭಾಳ ವರ್ಷ ಪರೀಕ್ಷಾ ಮಾಡ್ಯಾರ. ಎಷ್ಟು ಕೊಡಬೇಕು, ಯಾವಾಗ ತಡೀಬೇಕು, ರಕ್ತ ತಪಾಸ ಮಾಡೇ ಹೇಳ್ತಾರ.”

“ಮತ್ತ ಕೂದಲಾ? ವಾಂತಿ?”

“ಕೂದಲ ತಿರುಗಿ ಬರ್ತಾವ. ವಾಂತಿಗಿ ಗುಳಿಗಿ ಅದಾವ. ಡಾಕ್ಟರಿಗಿ ಹೇಳೀರೇನು?”

“ಅಷ್ಟು ದೊಡ್ಡವರ ಮುಂದ ಏನ ಹೇಳೂದಂತ ಸುಮ್ಮನಿದ್ವಿ.”

ಕಮಳಾಬಾಯಿ ತಮಾಷೆ ಬಿಟ್ಟು ಕೇಳಿದಳು. “ಖರೇ ಹೇಳ ಮಗಳ. ಹೋದ್ರ ನಾ ಪೂರಾ ಆರಾಮ ಆಗ್ತೀನಿ?”

“ಗ್ಯಾರಂಟಿ ಯಾರೂ ಕೊಡಂಗಿಲ್ಲ ಕಾಕು. ಆದ್ರ ನಡುವ ಬಿಟ್ರ ಗಡ್ಡಿ ತಿರುಗಿ ಬರೂ ಅಂಜಿಕಿ ಜಾಸ್ತಿ.”

ಕಮಳಾಬಾಯಿ ಖಾಲಿ ಚೆಂಬನ್ನು ದೂರ ಸರಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನಾಳಿ ಮೊದಲನೇ ಬಸ್ಸಿಗಿ ಹೋಗೂಣು. ನಿಮ್ಮ ಕೈಯಾಗ ಸಾಯೂದಕ್ಕಿಂತ ಅವರ ಸೂಜಿ ಚಲೋ.”

ಆಸ್ಪತ್ರೆಯಲ್ಲಿ ಮಚ್ಚೇಂದ್ರ ಮಜ್ಜಿಗೆಯ ಸಂಗತಿಯನ್ನು ತಾನೇ ಹೇಳಿದ. ಡಾಕ್ಟರು ಬಯ್ಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಕಮಳಾಬಾಯಿ ಸುಧಾರಿಸಿಕೊಂಡ ಮೇಲೆಯೇ ಔಷಧಿ ಏರಿಸಿದರು. ವಾಂತಿಯ ಗುಳಿಗೆ ಬದಲಿಸಿದರು. ಉಳಿದ ಸಲೈನುಗಳೂ ಒಂದೂ ತಪ್ಪದೆ ಮುಗಿದವು. ಈಗ ಅವಳು ಡಾಕ್ಟರು ಹೇಳಿದ ದಿನಕ್ಕೆ ತಪಾಸಣೆಗೆ ಹೋಗಿ ಬರುತ್ತಾಳೆ. ಈ ಸಲ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋದಾಗ, ಬದುವಿನ ಮೇಲೆ ಕೂತು ನೋಡುತ್ತಿದ್ದ ಗಂಡನನ್ನು ಗದರಿಸಿ ಕೆಲಸಕ್ಕೆ ಹಚ್ಚಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಚಿಕಿತ್ಸೆಯಲ್ಲಿದ್ದರೆ ಅದನ್ನು ಅರ್ಧಕ್ಕೆ ಬಿಡಿಸಬೇಡಿ. ಭಸ್ಮವೋ, ಕಷಾಯವೋ, ಕೊಡುವ ಮೊದಲು ಡಾಕ್ಟರನ್ನು ಕೇಳಿ. ತೊಂದರೆ ಆದರೆ ಬಾಯಿಬಿಟ್ಟು ಹೇಳಿ. ಹೊಸ ಔಷಧಿಯ ಸುದ್ದಿ ಕೇಳಿದರೆ ಸಂತೋಷಪಡಿ. ಅದು ಪರೀಕ್ಷೆ ಪಾಸಾಗಿ ಆಸ್ಪತ್ರೆಗೆ ಬರಲಿ. ಅಲ್ಲಿಯತನಕ, ಇವತ್ತು ಆಸ್ಪತ್ರೆಯಲ್ಲಿರುವ ಔಷಧಿಯನ್ನು ಪೂರ್ತಿ ತೆಗೆದುಕೊಳ್ಳಿ.