ಹುಲ್ಲುಗಾಲುವೆಯ ಬಗ್ಗೆ ಭೈರಪ್ಪ ಕೇಳಿದ್ದು

೧

ಚರಂಡಿಯಿಂದ ಕಥೆ ಶುರು ಮಾಡಿದರೆ ನೀವು ಓದುತ್ತೀರಾ? ಮಳೆಯಿಂದ ಶುರು ಮಾಡಿ ನೋಡಿದೆ. ಚೆನ್ನಾಗಿತ್ತು, ಸುಳ್ಳಾಗಿತ್ತು. ಹರಿದು ಹಾಕಿದೆ. ಚರಂಡಿಯೇ ಇರಲಿ.

ನಾಹಿದಾ ಎಂಜಿನಿಯರ್. ಕೊಪ್ಪದ ಹೊರಗಿನ ಇಳಿಜಾರು ರಸ್ತೆಯ ಪಕ್ಕ, ಕಾಂಕ್ರೀಟ್ ಬೇಡವೆಂದು ಹಟ ಹಿಡಿದು ಅಗಲವಾದ ಹುಲ್ಲುಗಾಲುವೆ ಮಾಡಿಸಿದಳು. ತಳಕ್ಕೆ ಗರಿಕೆ, ಅಂಚಿಗೆ ಲಾವಂಚ. ರಸ್ತೆಯ ನೀರು ಹುಲ್ಲಿಗೆ ಸಿಕ್ಕಿ ನಿಧಾನವಾಗಬೇಕು, ಆದಷ್ಟು ಅಲ್ಲೇ ಇಂಗಬೇಕು, ಉಳಿದದ್ದು ಕೆಳಗಿನ ತಿರುವಿನಲ್ಲಿ ಹಳ್ಳಕ್ಕೆ ಹೊರಳಬೇಕು. ಹುಲ್ಲು ಎಷ್ಟೆತ್ತರ ಇರಬೇಕೆಂಬುದೂ ಡ್ರಾಯಿಂಗಿನಲ್ಲಿತ್ತು.

ಆ ತಿರುವಿನ ಕೆಳಗೇ ಭೈರಪ್ಪನ ಮನೆ. ಕೆಲಸ ನಡೆದ ಎರಡು ತಿಂಗಳೂ ಅವನ ಹೆಂಡತಿ ಗುಡ್ಡಮ್ಮ ನಾಹಿದಾಳನ್ನು ಕರೆದು ಮಜ್ಜಿಗೆ ಕೊಡುತ್ತಿದ್ದಳು. "ಬಿಸ್ಲಲ್ಲಿ ಒಣಗ್ಬೇಡ, ಕುಡಿ ಮಗಾ."

(ಈ ಮಜ್ಜಿಗೆ ಓದುಗರನ್ನು ಅಳಿಸುವುದಕ್ಕಾ ಎಂದು ನಾಹಿದಾ ನನ್ನನ್ನು ಕೇಳಿದಳು. ಹೌದು ಎಂದೆ. "ಆದ್ರೂ ತೆಗೀಬೇಡಿ. ಕೊಟ್ಟಿದ್ದು ನಿಜ.")

೩ (ಎರಡನ್ನು ಹೊಡೆದು ಹಾಕಿದ್ದೇನೆ. ಅದರಲ್ಲಿ ಬರೀ ನನ್ನ ಜಾಣತನವಿತ್ತು.)

ಜೂನ್ ಮೊದಲ ವಾರ ಮೇಲಧಿಕಾರಿಗಳು ಕಾಲುವೆ ನೋಡಲು ಬರುವವರಿದ್ದರು. ಹಿಂದಿನ ದಿನ ಭೈರಪ್ಪ ಗುದ್ದಲಿ ಹಿಡಿದು, ಹುಲ್ಲನ್ನೆಲ್ಲ ಬುಡಸಮೇತ ಕೆತ್ತಿ, ಅಂಗಳದ ಹಾಗೆ ಚೊಕ್ಕ ಮಾಡಿದ. ಯಾರೂ ಹೇಳಿರಲಿಲ್ಲ. ಮೇಡಂಗೆ ಒಳ್ಳೆ ಹೆಸರು ಬರಲಿ ಎಂದು.

ಅವತ್ತೇ ಸಂಜೆ ಮಳೆ ಹಿಡಿಯಿತು. ತಡೆಯುವವರಿಲ್ಲದ ನೀರು ಮಣ್ಣು ಕೊರೆದುಕೊಂಡು ಬಂದು, ತಿರುವಿನಲ್ಲಿ ತಿರುಗದೆ ನೇರ ಇಳಿದು, ಅವನ ಅಡುಗೆಮನೆಯ ಮಣ್ಣುಗೋಡೆಯನ್ನು ಕೆಡವಿತು. ಗುಡ್ಡಮ್ಮ ಒಲೆಯ ಮುಂದಿದ್ದಳು.

(ಆ ದಿನ ಗುಡ್ಡಮ್ಮನನ್ನು ಶೃಂಗೇರಿಯ ತಂಗಿ ಮನೆಗೆ ಕಳಿಸಿದ ಡ್ರಾಫ್ಟೊಂದು ನನ್ನ ಬಳಿ ಇದೆ. ನಾಲ್ಕು ಸಲ ಓದಿದ್ದೇನೆ.)

೪

ಗುಡ್ಡಮ್ಮನ ಕಾರ್ಯ ಎಲ್ಲ ಮುಗಿದ ಮೇಲೆ ನಾಹಿದಾ ಆ ಮನೆಗೆ ಹೋದಳು. ಜಗಲಿಯಲ್ಲಿ ಕೂತಿದ್ದ ಭೈರಪ್ಪ ಕೇಳಿದ: "ಹುಲ್ಲು ಕೆತ್ತಿದ್ದಕ್ಕೇ ಹಿಂಗಾಯ್ತಾ ಮೇಡಂ?"

ಅಂತ್ಯ ಒಂದು: "ಇಲ್ಲ, ಮಳೆ ಜಾಸ್ತಿ ಬಂತು" ಎನ್ನುತ್ತಾಳೆ. ಅವನಿಗೆ ಎದೆ ಹಗುರಾಗುತ್ತದೆ. ಮುಂದಿನ ವರ್ಷ ಮತ್ತೆ ಚೊಕ್ಕ ಮಾಡುತ್ತಾನೆ.

ಅಂತ್ಯ ಎರಡು: "ಹೌದು" ಎನ್ನುತ್ತಾಳೆ. ಆ ಒಂದು ಮಾತಿನ ಜೊತೆ ಅವನು ಆ ಮನೆಯಲ್ಲಿ ಒಬ್ಬನೇ ಇರಬೇಕು.

ಎರಡಕ್ಕೂ ನಾಹಿದಾ ಒಪ್ಪಲಿಲ್ಲ. ಅವಳು ಹೇಳಿದ್ದು ಇದು: "ಹೌದು ಭೈರಪ್ಪಣ್ಣ. ಆದ್ರೆ ಹುಲ್ಲು ಕೀಳ್ಬಾರ್ದು ಅಂತ ನಾನು ನಿಮ್ಗೆ ಹೇಳ್ಲೇ ಇಲ್ಲ. ಎರಡು ತಿಂಗ್ಳು ಈ ಜಗಲೀಲೇ ಕೂತು ಹೇಳ್ಲಿಲ್ಲ."

"ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲ ಮಾರಾಯ್ತಿ," ಎಂದ ಭೈರಪ್ಪ. ಬಯ್ಯಲಿಲ್ಲ. ಎದ್ದು ಒಳಗೆ ಹೋದ.

ಕ್ಷಮೆಯ ಸಾಲೊಂದನ್ನು ಬರೆದು ಅವನ ಬಾಯಿಗೆ ಕೊಡಲು ಹೋದೆ. ಅವನು ತೆಗೆದುಕೊಳ್ಳಲಿಲ್ಲ. ಮುಗಿಸಿ ಎನ್ನಬೇಡಿ. ನಾಹಿದಾ ಇನ್ನೂ ಅಂಗಳದಲ್ಲೇ ನಿಂತಿದ್ದಾಳೆ. ಹೊರಡು ಎನ್ನಬೇಕಾದವನು ನಾನಲ್ಲ.